ದಾಟಲು ದೋಣಿಯಿಲ್ಲದ ಹೊಳೆಗೆ ವಿಹಾರ ನೌಕೆಯೇಕೆ?

ಹಿಂದುಳಿದ ಜಿಲ್ಲೆಯೊಂದರಲ್ಲಿ ಹೊಳೆಯೋ ಅಣೆಕಟ್ಟೆಯ ಹಿನ್ನೀರೋ ಇದ್ದರೆ ಅದರ ಮೇಲೊಂದು ವಿಹಾರ ನೌಕೆ ಬಿಡಬೇಕು, ಪ್ರವಾಸಿಗರು ಬರುತ್ತಾರೆ, ಅವರ ಹಿಂದೆ ಹಣ ಬರುತ್ತದೆ, ಹಣದ ಹಿಂದೆ ಅಭಿವೃದ್ಧಿ ಬರುತ್ತದೆ. ಈ ಮಾತು ಈಗ ಎಷ್ಟು ಸಲೀಸಾಗಿ ಚಲಾವಣೆಯಲ್ಲಿದೆಯೆಂದರೆ ಅದನ್ನು ಪ್ರಶ್ನಿಸುವ ಗೋಜಿಗೇ ಯಾರೂ ಹೋಗುವುದಿಲ್ಲ. 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ‘ಗಂಗಾ ವಿಲಾಸ’ ವಿಹಾರ ನೌಕೆ ಹೊರಟ ಮೇಲಂತೂ ನದಿಯೆಂದರೆ ನೌಕಾವಿಹಾರ ಎಂಬ ಕಲ್ಪನೆಗೆ ಸರ್ಕಾರಿ ಮುದ್ರೆಯೇ ಬಿದ್ದಂತಾಯಿತು. ಇದರ ಜೊತೆಗೆ ನಾಲ್ಕೈದು ಹಾಯಿಗಂಬಗಳ, ಬಿಳಿ ಹಾಯಿಗಳು ಗಾಳಿ ತುಂಬಿ ಉಬ್ಬಿದ ಹಳೆಗಾಲದ ಹಡಗಿನ ಮೇಲೆ ರಜೆ ಕಳೆಯುವವರ ಚಿತ್ರಗಳು ಮೊಬೈಲಿನ ತುಂಬ ಹರಿದಾಡುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಮಾತು ಬಂದಾಗಲೂ ಇದೇ ರಾಗ. ನಾರಾಯಣಪುರ ಅಣೆಕಟ್ಟೆಯ ಬಸವಸಾಗರದಲ್ಲಿ ಇಷ್ಟು ನೀರು ನಿಂತಿದೆ, ತಿಂಥಣಿಯ ಹತ್ತಿರ ಕೃಷ್ಣೆ ಇಷ್ಟು ಅಗಲ ಹರಿಯುತ್ತಾಳೆ, ಹಾಯಿ ಕಟ್ಟಿದ ನೌಕೆಯೊಂದು ತೇಲಿದರೆ ಎಷ್ಟು ಚೆಂದ! ಚೆಂದವೇನೋ ಹೌದು. ಆದರೆ ಅದನ್ನು ಅಭಿವೃದ್ಧಿ ಎಂದು ಕರೆಯುವುದು ತಪ್ಪು. ಈ ಭಾಗದ ಜನಕ್ಕೆ ಕೃಷ್ಣೆ ಇನ್ನೂ ದಾಟಬೇಕಾದ ಹೊಳೆ. ದಾಟುವ ಕಷ್ಟ ಬಗೆಹರಿಯುವ ಮೊದಲೇ ತೇಲುವ ಸುಖಕ್ಕೆ ಸಾರ್ವಜನಿಕ ಹಣವನ್ನೂ ಆಡಳಿತದ ಗಮನವನ್ನೂ ಸುರಿಯಕೂಡದು ಎಂಬುದು ನನ್ನ ವಾದ.

ಮೋಹ ಹುಟ್ಟುವುದು ಹಾಯಿ ಹಡಗಿನಿಂದ, ಹಾಗಾಗಿ ಮೊದಲು ಅದರ ಕಥೆಯನ್ನೇ ನೋಡೋಣ. ಮೆಡಿಟರೇನಿಯನ್, ಕೆರಿಬಿಯನ್ ಸಮುದ್ರಗಳಲ್ಲಿ ಪ್ರವಾಸಿಗರನ್ನು ಹೊತ್ತು ಓಡಾಡುವ ‘ರಾಯಲ್ ಕ್ಲಿಪ್ಪರ್’ ಹಡಗಿಗೆ ಐದು ಹಾಯಿಗಂಬ, 42 ಹಾಯಿ, 227 ಪ್ರಯಾಣಿಕರಿಗೆ ಜಾಗ. ನೋಡಿದರೆ ನೂರು ವರ್ಷ ಹಳೆಯದೆನ್ನಬೇಕು, ನೀರಿಗಿಳಿದದ್ದು ಮಾತ್ರ 2000ದಲ್ಲಿ. ಅದಕ್ಕೆ ಮಾದರಿಯಾದದ್ದು 1902ರ ‘ಪ್ರೊಯ್ಸೆನ್’ ಎಂಬ ಜರ್ಮನ್ ಸರಕು ಹಡಗು. ಅದು ಹೊತ್ತು ತರುತ್ತಿದ್ದದ್ದು ಚಿಲಿ ದೇಶದ ನೈಟ್ರೇಟನ್ನು. ಅದರ ನಾವಿಕರು ಕೊರೆಯುವ ಗಾಳಿಯಲ್ಲಿ ಕಂಬ ಹತ್ತಿ ಹಾಯಿ ಮಡಚುತ್ತಿದ್ದದ್ದು ಹೊಟ್ಟೆಪಾಡಿಗೆ. ಉಗಿಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಗಾಳಿಯನ್ನು ನಂಬಿದ ವ್ಯಾಪಾರ ಮೆಲ್ಲಮೆಲ್ಲಗೆ ಸತ್ತಿತು. ಕೊನೆಗೆ ಉಳಿದ ಕೆಲವೇ ಹಡಗುಗಳಲ್ಲಿ ಒಂದಾದ ‘ಪಾಮಿರ್’ 1957ರಲ್ಲಿ ಅಟ್ಲಾಂಟಿಕ್ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು; ಅದರಲ್ಲಿದ್ದ 86 ಮಂದಿಯಲ್ಲಿ ಬದುಕಿದ್ದು ಆರೇ ಜನ. ಹಾಯಿ ಹಡಗು ರಜೆಯ ಆಟಿಕೆಯಾದದ್ದು ಇದೆಲ್ಲ ಮುಗಿದ ಮೇಲೆ. ಕೇರಳದ ಕೆಟ್ಟುವಳ್ಳಂ ಕಥೆಯೂ ಬೇರೆಯಲ್ಲ. ಒಂದು ಕಾಲಕ್ಕೆ ಭತ್ತ, ತೆಂಗು ಸಾಗಿಸುತ್ತಿದ್ದ ಆ ದೋಣಿಗಳ ಕೆಲಸವನ್ನು ರಸ್ತೆ ಮತ್ತು ಲಾರಿಗಳು ಕಿತ್ತುಕೊಂಡ ಮೇಲೆ, 1990ರ ದಶಕದಲ್ಲಿ ಅವು ದೋಣಿಮನೆಗಳಾದವು. ನಮ್ಮ ಕರಾವಳಿಯಲ್ಲಿ ಹಾಯಿಯ ಮಂಜಿಗಳಿಗೆ ಎಂಜಿನ್ ಬಂದು ದಶಕಗಳಾದವು. ಅಜಂತಾ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಡಗನ್ನು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡಾಗ ನಾಡೇ ಹೆಮ್ಮೆಪಟ್ಟಿತು. ಸರಿಯೇ. ಆ ಹಡಗಿನ ಮೇಲೆ ಇವತ್ತು ಯಾರ ಅನ್ನವೂ ನಿಂತಿಲ್ಲ, ಆದ್ದರಿಂದ ಅದನ್ನು ನಿಶ್ಚಿಂತೆಯಿಂದ ಮೆಚ್ಚಬಹುದು. ದುಡಿಮೆಯಿಂದ ನಿವೃತ್ತವಾದ ಹಡಗೇ ವಿಹಾರಕ್ಕೆ ಒದಗುತ್ತದೆ. ಯಾದಗಿರಿಯ ದೋಣಿಗೆ ಆ ನಿವೃತ್ತಿ ಇನ್ನೂ ಸಿಕ್ಕಿಲ್ಲ.

ಈ ಭಾಗದ ಕೃಷ್ಣೆ, ಭೀಮೆಯರ ಮೇಲೆ ಹಾಯಿ ಹಡಗು ಓಡಿದ ಚರಿತ್ರೆಯಿಲ್ಲ. ಕಲ್ಲುಬಂಡೆ, ಮಡು, ಸೆಳವುಗಳ ಈ ಹೊಳೆಗಳಿಗೆ ಹೊಂದಿದ್ದು ಹರಗೋಲು. ಬಿದಿರಿನ ದಬ್ಬೆ ಹೆಣೆದು, ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇಂಥವನ್ನು ಕಂಡು ಬರೆದಿಟ್ಟಿದ್ದಾನೆ. ನೂರು ವರ್ಷಗಳ ಮೇಲೆ ಫ್ರೆಂಚ್ ವಜ್ರವ್ಯಾಪಾರಿ ತವರ್ನಿಯೆ ದಖ್ಖನಿನ ಹೊಳೆ ದಾಟಿದ್ದೂ ಎತ್ತಿನ ತೊಗಲು ಹೊದಿಸಿದ ಬುಟ್ಟಿಯಲ್ಲೇ. ಅದೇ 1520ರಲ್ಲಿ ರಾಯಚೂರು ಯುದ್ಧದಲ್ಲಿ ಸೋತ ಬಿಜಾಪುರದ ಸೈನ್ಯ ಉತ್ತರದ ದಂಡೆ ಸೇರಲು ನುಗ್ಗಿದಾಗ ಕತ್ತಿಗೆ ಸಿಗದೆ ಉಳಿದವರಲ್ಲಿ ಎಷ್ಟೋ ಜನರನ್ನು ಕೃಷ್ಣೆ ನುಂಗಿದಳು. ದಾಟುವುದು ಇಲ್ಲಿ ಯಾವತ್ತೂ ಜೀವದ ಪ್ರಶ್ನೆಯೇ. ಅದಕ್ಕೇ ಇರಬೇಕು, ಹುಟ್ಟು ಹಿಡಿದ ಅಂಬಿಗನ ಮಾತಿಗೆ ಈ ನಾಡಿನಲ್ಲಿ ಅಷ್ಟು ತೂಕ. ಹನ್ನೆರಡನೆಯ ಶತಮಾನದ ವಚನಕಾರರ ನಡುವೆ ಅತ್ಯಂತ ಖಡಾಖಂಡಿತ ದನಿ ಅಂಬಿಗರ ಚೌಡಯ್ಯನದು. ತೊಗಲಿನ ಜಾಗಕ್ಕೆ ಈಗ ತಾಡಪಾಲು, ಡಾಂಬರು, ಕೆಲವೆಡೆ ಫೈಬರ್ ಬಂದಿರಬಹುದು; ನಡುಗಡ್ಡೆಯ ಹೊಲಕ್ಕೆ ಹೋಗುವವರು, ದನ ಮೇಯಿಸುವವರು, ಮೀನು ಹಿಡಿಯುವವರು ಇವತ್ತಿಗೂ ಅದನ್ನೇ ನಂಬಿದ್ದಾರೆ.

ಹಾಗೆ ನಂಬಿದವರಿಗೆ ನಾವು ಕೊಟ್ಟದ್ದೇನು? ಸುರಪುರ ತಾಲ್ಲೂಕಿನ ಕಕ್ಕೇರಾ ಬಳಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಪುಟ್ಟ ಊರಿದೆ. 2013ರ ಮಳೆಗಾಲದಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು, ಹೊಳೆ ಉಕ್ಕಿ ಯಾವ ತೆಪ್ಪವೂ ಇಳಿಯದಿದ್ದಾಗ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಮನೆಯವರ ಜೊತೆ ಈಜಿ ದಂಡೆ ಸೇರಿದರು. ಹೆರಿಗೆಗೆ ಆಸ್ಪತ್ರೆ ಹತ್ತಿರವಿರಲಿ ಎಂಬುದಷ್ಟೇ ಅವರ ಬಯಕೆ. ದೇಶವಿದೇಶದ ಪತ್ರಿಕೆಗಳು ಅವರ ಧೈರ್ಯವನ್ನು ಹೊಗಳಿ ಬರೆದವು. ಹೊಗಳಿಕೆ ತಪ್ಪಲ್ಲ. ಒಂಬತ್ತು ತಿಂಗಳ ಬಸುರಿಗೆ ಅಂಥ ಧೈರ್ಯದ ಪ್ರಸಂಗ ಬರಬಾರದಿತ್ತು ಎಂಬ ಮಾತು ಮಾತ್ರ ಹೊಗಳಿಕೆಯ ಸದ್ದಿನಲ್ಲಿ ಕೇಳದೆ ಹೋಯಿತು. ಅದು ಹಳೆಯ ಕಥೆ, ಈಗ ಸೇತುವೆಗಳು ಬಂದಿವೆ ಎನ್ನುವವರಿದ್ದಾರೆ. ಬಂದಿವೆ, ನಿಜ. ಆದರೆ 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಸುಮಾರು ಆರು ಲಕ್ಷ ಕ್ಯೂಸೆಕ್ ನೀರು ಹೊಳೆಗೆ ಬಿಟ್ಟಾಗ ಶಹಾಪುರ ಕಡೆಯಿಂದ ದೇವದುರ್ಗಕ್ಕೆ ಹೋಗುವ ಕೊಳ್ಳೂರು (ಎಂ) ಸೇತುವೆಯೇ ಮುಳುಗಿತ್ತು. ಆಚೆ ದಂಡೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಶೀಲಹಳ್ಳಿ ಸೇತುವೆ ಮುಳುಗುವುದು ಮಳೆಗಾಲದ ಮಾಮೂಲಿ ಸುದ್ದಿ. ಮ್ಯಾದರಗಡ್ಡಿ, ಕರಕಲಗಡ್ಡಿಯ ಕುಟುಂಬಗಳು ಪ್ರತಿ ಪ್ರವಾಹಕ್ಕೂ ನಡುಗಡ್ಡೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಂಡ ಮೇಲೆ ಅಧಿಕಾರಿಗಳ ದೋಣಿ ಬರುತ್ತದೆ. ಸೇತುವೆ ಎಂಟೊಂಬತ್ತು ತಿಂಗಳ ಉತ್ತರ. ಉಳಿದ ತಿಂಗಳುಗಳಿಗೆ ಉತ್ತರ ದೋಣಿಯೇ, ಮತ್ತು ಆ ದೋಣಿಯ ವಿಷಯದಲ್ಲಿ ಆಡಳಿತಕ್ಕೆ ಇರುವ ಆಸಕ್ತಿ ಪ್ರವಾಹ ಇಳಿದ ಮಾರನೆಯ ದಿನಕ್ಕೆ ಮುಗಿಯುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕಾಗದದ ಮೇಲೆ ಈ ಜಿಲ್ಲೆಗೆ ನೌಕಾಯಾನದ ಕೊರತೆಯೇ ಇಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿದಾಗ ತೆಲಂಗಾಣದ ವಾಜಿರಾಬಾದಿನಿಂದ ನಮ್ಮ ಗಲಗಲಿಯವರೆಗಿನ ಕೃಷ್ಣೆಯನ್ನು ನಾಲ್ಕನೆಯ ಜಲಮಾರ್ಗಕ್ಕೆ ಸೇರಿಸಿತು. ಯಾದಗಿರಿ ಊರಿನ ಪಕ್ಕದಲ್ಲೇ ಹರಿಯುವ ಭೀಮೆಯೂ ಪಟ್ಟಿಯಲ್ಲಿದೆ. ಅಂದರೆ ಬೇಸಿಗೆಯಲ್ಲಿ ಮರಳು ಹಾಸಿ ಮಲಗುವ, ಮೇಲಿನ ಬ್ಯಾರೇಜು, ಅಣೆಕಟ್ಟೆಗಳು ಬಿಟ್ಟರೆ ಮಾತ್ರ ಹರಿಯುವ ಭೀಮೆ ಕಾನೂನಿನ ಕಣ್ಣಲ್ಲಿ ಹಡಗಿನ ದಾರಿ! ಗಲಗಲಿಯಿಂದ ಕೆಳಗೆ ಆಲಮಟ್ಟಿ, ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರಗಳು ಒಂದರ ಹಿಂದೊಂದು ಅಡ್ಡ ನಿಂತಿರುವಾಗ ಯಾವ ನೌಕೆ ಎಲ್ಲಿಂದ ಎಲ್ಲಿಗೆ ಹೋದೀತು? ಪಟ್ಟಿ ಮಾಡಿದವರು ಹೊಳೆಯನ್ನು ನೋಡಿದ್ದು ನಕ್ಷೆಯ ನೀಲಿ ಗೆರೆಯಾಗಿ. ವಿಹಾರ ನೌಕೆಯ ಕನಸು ಕಾಣುವವರೂ ನೋಡುವುದು ಅದೇ ಗೆರೆಯನ್ನು. ಹೆಚ್ಚೆಂದರೆ ಅದಕ್ಕೊಂದು ಹಾಯಿಯ ಚಿತ್ರ ಅಂಟಿಸುತ್ತಾರೆ.

ಹೊಳೆಯಲ್ಲಿ ಸಾಗದಿದ್ದರೆ ಬೇಡ, ಬಸವಸಾಗರದ ಹಿನ್ನೀರಿನಲ್ಲಿ ಸುತ್ತು ಹೊಡೆಸೋಣ ಎಂಬ ಮಾತು ಬರುತ್ತದೆ. ಹಾಗಾದರೆ ಆ ನೀರಿನ ಲೆಕ್ಕವನ್ನೇ ತೆಗೆಯೋಣ. 1982ರಲ್ಲಿ ಸಿದ್ಧವಾದ ನಾರಾಯಣಪುರದ ಈ ಜಲಾಶಯದ ಗರಿಷ್ಠ ಮಟ್ಟ 492.25 ಮೀಟರ್, ಸಂಗ್ರಹ ಸುಮಾರು 33 ಟಿಎಂಸಿ ಅಡಿ. ಮೇಲಿನ ಆಲಮಟ್ಟಿಯ 123 ಟಿಎಂಸಿಯ ಮುಂದೆ ಇದು ಚಿಕ್ಕದು. ಆಲಮಟ್ಟಿ ಬಿಟ್ಟದ್ದನ್ನು ಹಿಡಿದು ಎಡದಂಡೆ, ಬಲದಂಡೆ ಕಾಲುವೆಗಳಿಗೆ ಹಂಚುವುದೇ ಇದರ ಕೆಲಸ. ಮಳೆಗಾಲದಲ್ಲಿ ಗೇಟುಗಳಿಂದ ಲಕ್ಷಗಟ್ಟಲೆ ಕ್ಯೂಸೆಕ್ ಧುಮುಕುವಾಗ ದೋಣಿ ಬಿಡುವಂತಿಲ್ಲ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ನೀರು ಕೆಳಗಿಳಿದು ಕೆಸರಿನ ದಂಡೆ ಉಳಿಯುತ್ತದೆ. ಮಧ್ಯೆ ಸಿಗುವುದು ನಾಲ್ಕೈದು ತಿಂಗಳು. ಸೀಸನ್ ಚಿಕ್ಕದು ಎಂಬ ಆಕ್ಷೇಪವೇ ದೊಡ್ಡದೇನಲ್ಲ. ಚಿಕ್ಕ ಸೀಸನ್ನಿನಲ್ಲಿ ದುಡಿಯುವ ಊರುಗಳು ಲೋಕದಲ್ಲಿ ಎಷ್ಟೋ ಇವೆ. ನನ್ನ ಅಂಜಿಕೆ ಬೇರೆ. ಹಿಂಗಾರಿನ ಬೆಳೆ ನಿಂತಿರುವಾಗ ಕಾಲುವೆಗೆ ನೀರು ಎಲ್ಲಿಯವರೆಗೆ ಬಿಡಬೇಕೆಂಬುದು ಸುರಪುರ, ಶಹಾಪುರದ ರೈತರಿಗೂ ನೀರಾವರಿ ಸಲಹಾ ಸಮಿತಿಗೂ ನಡುವೆ ಮತ್ತೆ ಮತ್ತೆ ಏಳುವ ಜಗಳ. ಮೆಣಸಿನಕಾಯಿಗೆ ಇನ್ನೊಂದು ನೀರು ಸಿಕ್ಕರೆ ಬೆಳೆ, ಸಿಗದಿದ್ದರೆ ಸಾಲ. ಸರದಿಯ ಮೇಲೆ ನೀರು ಬಿಡುವ ವಾರಬಂದಿಯಲ್ಲಿ ಕಾಲುವೆಯ ತುದಿಯ ಹೊಲಕ್ಕೆ ನೀರು ತಲುಪದ ಕಷ್ಟ ಅಲ್ಲಿಯವರಿಗೇ ಗೊತ್ತು. ಇಂಥ ಜಲಾಶಯದಲ್ಲಿ ದೊಡ್ಡ ನೌಕೆ ತೇಲಬೇಕಾದರೆ ಇಂತಿಷ್ಟು ಆಳ ನೀರು ಇರಲೇಬೇಕು. ಬಂಡವಾಳ ಹಾಕಿದವನು ಆ ಆಳವನ್ನು ಕೇಳದೆ ಬಿಡುವುದಿಲ್ಲ, ಅವನ ಮಾತು ಬೆಂಗಳೂರಿನವರೆಗೆ ತಲುಪುತ್ತದೆ. ತುದಿಯ ರೈತನ ಮಾತು ಶಹಾಪುರದ ಕಚೇರಿ ದಾಟುವುದೂ ಕಷ್ಟ. ನೀರಿಗೆ ಈಗಿರುವ ವಾರಸುದಾರರ ಸಾಲಿಗೆ ಇನ್ನೊಬ್ಬ ಬಲವಂತನನ್ನು ನಾವಾಗಿಯೇ ಕರೆತರುವುದು ಯಾವ ಜಾಣತನ?

ಸುರಕ್ಷತೆಯ ವಿಷಯದಲ್ಲಿ ಹೆಚ್ಚು ವಾದ ಬೇಕಿಲ್ಲ, ಪಟ್ಟಿಯೇ ಸಾಕು. 2009ರ ಸೆಪ್ಟೆಂಬರ್‌ನಲ್ಲಿ ತೇಕ್ಕಡಿಯಲ್ಲಿ ಮಗುಚಿದ ದೋಣಿ ಸರ್ಕಾರಿ ಪ್ರವಾಸೋದ್ಯಮ ನಿಗಮದ್ದೇ ಆಗಿತ್ತು, ಸತ್ತವರು 45. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿದ್ದ ದೋಣಿ ಮುಳುಗಿ 16 ಜನ ಹೋದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಗೋದಾವರಿ ಪ್ರವಾಹದಲ್ಲಿರುವಾಗಲೇ, ಪಾಪಿಕೊಂಡಲಿಗೆ ಹೊರಟ ವಿಹಾರ ದೋಣಿ ಕಚ್ಚುಲೂರಿನ ಬಳಿ ಮುಳುಗಿತು. 2023ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ. ತಾನೂರು, ಕಾರವಾರಗಳಲ್ಲಿ ಹೇರಿದ ಜನ ಹೆಚ್ಚು, ಗೋದಾವರಿಯಲ್ಲಿ ಹೊರಟ ಹೊತ್ತು ಕೆಟ್ಟದ್ದು. ಎಲ್ಲೆಡೆಯೂ ಹೊರಡುವ ಮೊದಲು ತಡೆಯಬೇಕಾದವರು ತಡೆಯಲಿಲ್ಲ. ಕೇರಳ, ಆಂಧ್ರಗಳಲ್ಲಿ ದೋಣಿ ಪರೀಕ್ಷಿಸುವ ವ್ಯವಸ್ಥೆಗೆ ದೀರ್ಘ ಅನುಭವವಿದೆ. ಅಲ್ಲಿಯೇ ಹೀಗಾದರೆ, ಹರಗೋಲಿನಲ್ಲಿ ಎಷ್ಟು ಜನ ಹತ್ತುತ್ತಾರೆಂದು ಯಾರೂ ಎಣಿಸದ ಜಿಲ್ಲೆಯಲ್ಲಿ ನೂರು ಜನರ ನೌಕೆಯ ಮೇಲೆ ಯಾರು ಕಣ್ಣಿಡುತ್ತಾರೆ? 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ ದಾಖಲಿಸಲು ಅವಕಾಶ ಮಾಡಿದೆ. ನೌಕೆಯ ಕನಸಿಗೆ ಮೊದಲು ಆ ಚಿಕ್ಕ ದಾಖಲೆ ಪುಸ್ತಕ ತೆರೆಯುವುದು ಸಾಧ್ಯವಾಗಲಿ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ ಎಂಬುದನ್ನು ಬೇಕಿದ್ದರೆ ಸೇರಿಸಿಕೊಳ್ಳಿ. ಪ್ರವಾಸಿ ಕೈಪಿಡಿಗಳಲ್ಲಿ ಅವು ಆಕರ್ಷಣೆ, ಬಟ್ಟೆ ಒಗೆಯಲು ಇಳಿಯುವ ಹೆಂಗಸಿಗೆ ಹಾಗಲ್ಲ.

ಈಗ ಉದ್ಯೋಗದ ವಾದ. ಇದು ಹಗುರವಾಗಿ ತಳ್ಳಿಹಾಕುವಂಥದಲ್ಲ, ಏಕೆಂದರೆ ಯಾದಗಿರಿಯ ದಾರಿದ್ರ್ಯ ಕಲ್ಪಿತವಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕೊನೆಯ ಸ್ಥಾನ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತ್ತು. ಬೇಸಿಗೆ ಬಂತೆಂದರೆ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡಗಳತ್ತ ಗುಳೆ ಹೋಗುವ ಕುಟುಂಬಗಳು ನಿಂತಿಲ್ಲ. ಹೀಗಿರುವಾಗ ಹತ್ತು ಕೆಲಸ ಹುಟ್ಟಿದರೂ ಲಾಭವೇ ಅಲ್ಲವೇ ಎಂದು ಕೇಳುವುದು ಸಹಜ. ಆದರೆ ಎಂಥ ಕೆಲಸ, ಯಾರಿಗೆ? ಐಷಾರಾಮಿ ನೌಕೆ ಹೆಚ್ಚು ಜನರನ್ನು ಹೊತ್ತು ದುಡಿಯುವುದಿಲ್ಲ, ಕೆಲವೇ ಜನರಿಂದ ಹೆಚ್ಚು ವಸೂಲು ಮಾಡಿ ದುಡಿಯುತ್ತದೆ. ಗಂಗಾ ವಿಲಾಸದ ಪೂರ್ತಿ ಸಾಮರ್ಥ್ಯವೇ 36 ಪ್ರಯಾಣಿಕರು. ಇಂಥ ನೌಕೆಗಳ ಚಾಲಕ, ಎಂಜಿನಿಯರ್, ಅಡುಗೆಯವರು ಸಾಮಾನ್ಯವಾಗಿ ತರಬೇತಾದ ಪಟ್ಟಣಿಗರು. ತರಕಾರಿ, ಮಾಂಸ, ಡೀಸೆಲ್ ದೊಡ್ಡ ಗುತ್ತಿಗೆಗಳಿಂದ ಬರುತ್ತವೆ. ಕೃಷ್ಣೆಯ ಸೆಳವು ಎಲ್ಲಿ ತಿರುಗುತ್ತದೆ, ಯಾವ ಬಂಡೆ ಎಷ್ಟು ನೀರಿಗೆ ಮುಳುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ಕಬ್ಬಲಿಗ, ಅಂಬಿಗ ಮನೆತನದ ಹುಡುಗನಿಗೆ ಅಂಥ ನೌಕೆಯಲ್ಲಿ ಸಿಗುವ ಹುದ್ದೆ ಲೈಫ್ ಜಾಕೆಟ್ ಹಂಚುವುದು, ಇಲ್ಲವೇ ದಂಡೆಯಲ್ಲಿ ವಾಹನ ನಿಲ್ಲಿಸುವ ಚೀಟಿ ಹರಿಯುವುದು. ಅವನಿಗೆ ಕೆಲಸ ಸಿಕ್ಕಿತೆಂದು ಅಂಕಿಅಂಶದಲ್ಲಿ ಬರೆಯಬಹುದು, ಆದರೆ ತಲೆಮಾರುಗಳ ವಿದ್ಯೆಯನ್ನು ಮನೆಯಲ್ಲೇ ಬಿಟ್ಟು ಬಂದರೆ ಮಾತ್ರ ಆ ಕೆಲಸ.

ಹಂಪಿಯನ್ನು ನೋಡಿ, ಅಲ್ಲಿ ಹರಗೋಲೇ ಪ್ರವಾಸಿ ಆಕರ್ಷಣೆಯಲ್ಲವೇ ಎಂಬ ಉದಾಹರಣೆ ಕೂಡಲೇ ಬರುತ್ತದೆ. ನೋಡೋಣ. ತುಂಗಭದ್ರೆಯ ವಿರೂಪಾಪುರ ಗಡ್ಡಿ ಒಂದು ಕಾಲಕ್ಕೆ ಗದ್ದೆಗಳ ನಡುಗಡ್ಡೆ. ಪ್ರವಾಸಿಗರು ಹೊಳೆ ದಾಟಿ ಬರತೊಡಗಿದ ಮೇಲೆ ಅದು ರೆಸಾರ್ಟುಗಳ ಗಡ್ಡೆಯಾಯಿತು. ಕಾನೂನು ಮೀರಿ ಎದ್ದ ಕಟ್ಟಡಗಳ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಮಾರ್ಚ್‌ನಲ್ಲಿ ಎಲ್ಲವನ್ನೂ ಕೆಡವಿದರು. ಅಷ್ಟು ವರ್ಷ ಆನೆಗೊಂದಿ ಕಡೆಯ ಜನ ಆಚೆ ದಂಡೆಗೆ ಹೋಗಲು ಕಾದದ್ದು ಕಾಯುತ್ತಲೇ ಇದ್ದರು. ತಳವಾರಘಟ್ಟದ ಸೇತುವೆ ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವ ಹೋಯಿತು. ಪ್ರವಾಸೋದ್ಯಮ ಅಲ್ಲಿ ಹಣ ತಂದಿಲ್ಲ ಎಂದು ನಾನು ಹೇಳುವುದಿಲ್ಲ, ತಂದಿದೆ. ದಾಟುವ ಕಷ್ಟಕ್ಕೆ ಆ ಹಣ ಮದ್ದಾಗಲಿಲ್ಲ ಎಂಬುದಷ್ಟೇ ಇಲ್ಲಿಗೆ ಬೇಕಾದ ಮಾತು. ಕೇರಳದ ಉದಾಹರಣೆಯೂ ಇನ್ನರ್ಧ ಕಥೆಯನ್ನು ಬಿಟ್ಟೇ ಹೇಳುವಂಥದು. 2002ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ವೆಂಬನಾಡು ಕೆರೆಯಲ್ಲಿ ದೋಣಿಮನೆಗಳ ಕೊಳೆ, ಡೀಸೆಲ್ ಪದರ, ಮೀನುಗಾರರ ಬಲೆಗೆ ಬೀಳುವ ಪ್ಲಾಸ್ಟಿಕ್ ಇವೆಲ್ಲ ಈಗ ಅಲ್ಲಿನವರದೇ ದೂರು. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಹಕ್ಕಿಗಳಿಗೆ ಉಳಿದಿರುವುದೂ ಅಲ್ಲಿ ಸದ್ದು ಕಡಿಮೆಯಿರುವುದರಿಂದಲೇ. ಬೋಟಿಂಗ್ ಎಂಬ ಪದ ಆ ಕೆರೆಯ ಹತ್ತಿರವೂ ಸುಳಿಯದಿರಲಿ.

ಅಷ್ಟಕ್ಕೂ ಈ ಮೂರು ಊರುಗಳಿಗೆ ಪ್ರವಾಸಿಗರು ಬರಬೇಕಾದರೆ ಕಾರಣಗಳೆಲ್ಲ ನೆಲದ ಮೇಲೇ ಇವೆ. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆದು ತೋರಿಸಿದ್ದು ಆದಿಮಾನವ ಸುಣ್ಣಕಲ್ಲು ಒಡೆದು ಕೊಡಲಿ ಮಾಡುತ್ತಿದ್ದ ಜಾಗ. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು. ಭಾರತದಲ್ಲಿ ಮನುಷ್ಯನ ಇರವಿನ ಅತಿ ಹಳೆಯ ಸಾಕ್ಷ್ಯಗಳಲ್ಲಿ ಒಂದು ಈ ಜಿಲ್ಲೆಯ ಹೊಲದಲ್ಲಿದೆ, ಮತ್ತು ಜಿಲ್ಲೆಯ ಬಹುಪಾಲು ಶಾಲಾ ಮಕ್ಕಳು ಅದನ್ನು ನೋಡಿಲ್ಲ. ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬ, ರಾಜನಕೋಳೂರಿನ ಕಲ್ಗೋರಿಗಳು, ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬೃಹತ್ ಗುಂಡುಗಳು. ಇವುಗಳ ಬೆಲೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಅರಿತವನು ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್. ಅವನು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ, ಗರುಡಾದ್ರಿ ಮನೆತನದವರು ಬೆಳೆಸಿದ ಸುರಪುರ ಶೈಲಿಯ ಚಿತ್ರಗಳು, 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕನ ನೆನಪು, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಶಿರವಾಳದ ಗುಡಿಗಳು, ಯಾದಗಿರಿ ಕೋಟೆ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿ ಮೌನೇಶ್ವರ. ಇಷ್ಟೆಲ್ಲ ಇರುವ ಊರಿಗೆ ಹಾಯಿ ಹಡಗಿನ ಅಲಂಕಾರ ಬೇಕೆನ್ನುವುದು ಊರನ್ನು ಓದದವರ ಮಾತು. ಇವಕ್ಕೆ ಬೇಕಿರುವುದು ಸರಿಯಾದ ದಾರಿಫಲಕ, ಕಾವಲುಗಾರ, ಶೌಚಾಲಯ, ಹೇಳಬಲ್ಲ ಸ್ಥಳೀಯ ಮಾರ್ಗದರ್ಶಿ, ಒಂದು ಚಿಕ್ಕ ವಸ್ತುಸಂಗ್ರಹಾಲಯ. ನೌಕೆಗೆ ಹೋಲಿಸಿದರೆ ಇದೆಲ್ಲ ಪುಡಿಗಾಸು. ಫೋಟೊದಲ್ಲಿ ಮಿಂಚುವುದಿಲ್ಲ, ಅದಕ್ಕೇ ಯಾರ ಭಾಷಣದಲ್ಲೂ ಬರುವುದಿಲ್ಲ.

ಸರ್ಕಾರದ ಹಣ ಬೇಡ, ಖಾಸಗಿಯವರೇ ಹಾಕುತ್ತಾರೆ ಎಂಬ ಸಮಜಾಯಿಷಿ ಬರುವುದುಂಟು. ಜೆಟ್ಟಿಗೆ ಜಾಗ, ಅಲ್ಲಿಯವರೆಗೆ ಡಾಂಬರು ರಸ್ತೆ, ವಿದ್ಯುತ್, ಪೊಲೀಸ್ ಕಾವಲು, ಅಪಘಾತವಾದರೆ ಹುಡುಕಲು ಇಳಿಯುವ ಅಗ್ನಿಶಾಮಕ ದಳ, ಇವೆಲ್ಲ ಯಾರ ಹಣ? ಸಂವಿಧಾನದ 371 (ಜೆ) ವಿಧಿಯ ಹೋರಾಟದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದು ಶಾಲೆ, ಆಸ್ಪತ್ರೆ, ರಸ್ತೆ ಕೇಳಿ ಪಡೆದ ಹಣ. ಅದರ ಒಂದು ತುಣುಕು ಕೂಡ ವಿಹಾರ ನೌಕೆಯ ದಂಡೆ ಸಿಂಗರಿಸಲು ಹರಿದರೆ, ಆ ಹೋರಾಟಕ್ಕೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ಬಡ ಜಿಲ್ಲೆಯ ಜನಕ್ಕೆ ಸೇತುವೆ, ಆಸ್ಪತ್ರೆ ಸಾಕು, ನಲಿವು ಬೇಡವೇ? ಮೈಸೂರಿನವರಿಗೆ, ಮಂಗಳೂರಿನವರಿಗೆ ಸಿಗುವ ಮೋಜು ಸುರಪುರದ ಮಗುವಿಗೆ ಯಾಕೆ ಸಿಗಬಾರದು? ನಮ್ಮನ್ನು ಸದಾ ಸಂಕಟದ ಅಂಕಿಅಂಶವಾಗಿಯೇ ನೋಡುವ ಈ ಕಣ್ಣು ಕೂಡ ಒಂದು ಬಗೆಯ ತಿರಸ್ಕಾರವಲ್ಲವೇ? ಈ ಪ್ರಶ್ನೆಗೆ ನಾನು ತಲೆಬಾಗುತ್ತೇನೆ, ಆದರೆ ಇದು ನೌಕೆಯ ಪರವಾದ ವಾದವೆಂದು ಒಪ್ಪುವುದಿಲ್ಲ. ಆ ಮಗು ಹತ್ತುವ ದೋಣಿಯ ಟಿಕೆಟ್ಟು ಅವಳ ಅವ್ವನ ಒಂದು ಹೊತ್ತಿನ ಕೂಲಿಗಿಂತ ಕಡಿಮೆ ಇರಬೇಕು. ಐದು ಹಾಯಿಗಂಬಗಳ ನೌಕೆಯ ಟಿಕೆಟ್ಟು ಹಾಗಿರದು, ಅವಳು ದಂಡೆಯಲ್ಲಿ ನಿಂತು ಕೈ ಬೀಸುವುದಷ್ಟೇ ಆದೀತು. ನಲಿವು ಬೇಕೆಂದರೆ ಅದಕ್ಕೆ ದಾರಿ ಸುಲಭ. ನವೆಂಬರಿನಿಂದ ಫೆಬ್ರವರಿಯವರೆಗೆ, ಹೊಳೆ ತಣ್ಣಗಿರುವಾಗ, ಅಂಬಿಗರ ಸಹಕಾರ ಸಂಘವೇ ನಡೆಸುವ ಚಿಕ್ಕ ದೋಣಿಗಳು ಛಾಯಾ ಭಗವತಿ ಗುಡಿಯ ಬಳಿ, ತಿಂಥಣಿಯ ಬಳಿ ಜನರನ್ನು ಸುತ್ತಾಡಿಸಲಿ. ಎಲ್ಲರಿಗೂ ಲೈಫ್ ಜಾಕೆಟ್, ದೋಣಿಯ ಮೇಲೆ ಬರೆದ ಜನಸಂಖ್ಯೆಯ ಮಿತಿ, ಹುಟ್ಟು ಹಿಡಿದವನಿಗೆ ಪೂರ್ತಿ ಕೂಲಿ. ಅದೇ ದೋಣಿಗಳು, ಅದೇ ಅಂಬಿಗರು ಮಳೆಗಾಲದಲ್ಲಿ ಗಡ್ಡಿಯ ಜನರನ್ನು ದಾಟಿಸಲು ಸಿದ್ಧವಿರುತ್ತಾರೆ. ವಿಹಾರದ ಹಣ ದಾಟಿಸುವ ದೋಣಿಯನ್ನು ಸಾಕುವ ಇಂಥ ಏರ್ಪಾಡಿಗೆ ನನ್ನ ತಕರಾರಿಲ್ಲ. ತಕರಾರಿರುವುದು, ದಾಟಿಸುವ ದೋಣಿಯನ್ನು ಮರೆತು ವಿಹಾರದ ಹಡಗನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಮನೋಭಾವದ ಬಗ್ಗೆ.

ಆದ್ದರಿಂದ ಯಾದಗಿರಿ ಜಿಲ್ಲಾಡಳಿತಕ್ಕೆ, ಮೂರೂ ತಾಲ್ಲೂಕುಗಳ ಶಾಸಕರಿಗೆ ಒಂದು ಕೇಳಿಕೆ. ಕೃಷ್ಣೆ, ಭೀಮೆಯ ಮೇಲೆ ಜನ ದಾಟುವ ಕಡಹುಗಳೆಷ್ಟು, ಯಾವ ಕಡಹಿನಲ್ಲಿ ಎಷ್ಟು ದೋಣಿ, ಅವು ಎಷ್ಟು ವರ್ಷ ಹಳೆಯವು, ಲೈಫ್ ಜಾಕೆಟ್ ಎಷ್ಟಿವೆ, ಎಷ್ಟು ಕ್ಯೂಸೆಕ್ ಬಿಟ್ಟಾಗ ಯಾವ ಸೇತುವೆ ಮುಳುಗುತ್ತದೆ, ಮುಳುಗಿದಾಗ ಬಸುರಿ ಬಾಣಂತಿಯರನ್ನು ಕರೆತರುವ ಹೊಣೆ ಯಾರದು. ಇಷ್ಟನ್ನು ಪಟ್ಟಿ ಮಾಡಿ, ಪ್ರತಿವರ್ಷ ಮೇ ತಿಂಗಳು ಮುಗಿಯುವುದರೊಳಗೆ ಆಯಾ ಗ್ರಾಮ ಪಂಚಾಯಿತಿ, ಪುರಸಭೆಯ ಗೋಡೆಗೆ ಅಂಟಿಸಿ. ಆ ಪಟ್ಟಿಯ ಒಂದು ಕಲಂ ಖಾಲಿ ಇದ್ದರೂ ವಿಹಾರ ನೌಕೆಯ ಕಡತಕ್ಕೆ ಸಹಿ ಹಾಕಬೇಡಿ.